ಎಸ್‌ಟಿಪಿ ಗಬ್ಬು ವಾಸನೆ ರಾತ್ರಿ ಹೊತ್ತೇ ಯಾಕೆ, ಅದರಿಂದ ಮೈಗೆ ಏನಾಗತ್ತೆ?

ಪ್ರಶ್ನೆ: ಸರ್, ನಮ್ಮ ಮನೆಯಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ನಗರದ ಕೊಳಚೆ ನೀರು ಶುದ್ಧೀಕರಣ ಘಟಕ (ಎಸ್‌ಟಿಪಿ) ಇದೆ. ಸಂಜೆ ಕತ್ತಲಾದ್ಮೇಲೆ ಕೊಳೆತ ಮೊಟ್ಟೆ ತರ ವಾಸನೆ ಶುರುವಾಗಿ ಬೆಳಗ್ಗೆ ಬಿಸಿಲೇರೋ ತನಕ ಇರತ್ತೆ, ಮಧ್ಯಾಹ್ನ ಏನೂ ಇರಲ್ಲ. ನನಗೆ ತಲೆನೋವು, ವಾಕರಿಕೆ, ನಿದ್ದೆ ಇಲ್ಲ. ಮಗಳಿಗೆ ಮೊದಲಿಂದ ವೀಝಿಂಗ್ ಇದೆ. ಕಂಪ್ಲೇಂಟ್ ಕೊಟ್ಟಿದ್ದಕ್ಕೆ ಮಧ್ಯಾಹ್ನ ಬಂದು ಮೀಟರ್ ಹಿಡಿದು "ಸೊನ್ನೆ ಇದೆ, ಏನೂ ಅಪಾಯ ಇಲ್ಲ" ಅಂತ ಹೇಳಿ ಹೋದ್ರು. ಈಗ ನಮ್ಮ ಯಜಮಾನ್ರೂ "ನಿಂಗೆ ಅದೇ ಧ್ಯಾನ, ಅದಕ್ಕೇ ವಾಸನೆ ಬರತ್ತೆ" ಅಂತಾರೆ. ಇದು ನಿಜವಾಗ್ಲೂ ಆರೋಗ್ಯಕ್ಕೆ ತೊಂದ್ರೆನಾ ಇಲ್ಲಾ ನನ್ನ ಭ್ರಮೆನಾ, ಏನು ಮಾಡಬಹುದು?

ಉತ್ತರ: ಭ್ರಮೆ ಅಲ್ಲಮ್ಮ, ಮೊದಲು ಅದನ್ನ ಹೇಳ್ಬಿಡ್ತೀನಿ. ನೀವು ಬರೆದಿರೋ ಟೈಮಿಂಗೇ ಅದಕ್ಕೆ ಸಾಕ್ಷಿ, ಕತ್ತಲಾದ್ಮೇಲೆ ಶುರು, ಬಿಸಿಲೇರಿದ್ಮೇಲೆ ಮಾಯ, ವಾತಾವರಣದ ಬಗ್ಗೆ ಓದಿದವರು ಯಾರೇ ಆದ್ರೂ ಹೀಗೇ ಆಗಬೇಕು ಅಂತ ಹೇಳ್ತಾರೆ. ಇನ್ನು ಅಪಾಯದ ವಿಷಯ. ಅರ್ಧ ಕಿಲೋಮೀಟರ್ ದೂರದಲ್ಲಿ ಬಯಲು ಗಾಳಿಲಿ ಬರೋ ಈ ವಾಸನೆ ವಿಷಪ್ರಾಶನ ಆಗೋ ಮಟ್ಟದಲ್ಲಿ ಇರೋ ಸಾಧ್ಯತೆ ತೀರಾ ಕಮ್ಮಿ. ಆದ್ರೆ "ವಿಷ ಅಲ್ಲ" ಅನ್ನೋದೂ "ತೊಂದ್ರೆ ಇಲ್ಲ" ಅನ್ನೋದೂ ಬೇರೆ ಬೇರೆ ಮಾತು, ಅದೆರಡನ್ನೂ ಒಂದೇ ಉಸಿರಲ್ಲಿ ಹೇಳಿ ಕಂಪ್ಲೇಂಟ್ ಫೈಲ್ ಮುಚ್ಚೋದು ಪ್ರಪಂಚದಲ್ಲಿ ಎಲ್ಲಾ ಕಡೆ ನಡೆಯೋ ಆಟ. ವಾಸನೆ ವಿಚಾರದಲ್ಲಿ "ಎಷ್ಟಿದೆ" ಅನ್ನೋದಕ್ಕಿಂತ "ಯಾವಾಗ, ಎಷ್ಟು ಸಲ, ಎಷ್ಟು ಹೊತ್ತು" ಅಂತ ಕೇಳಬೇಕು, ನಿಮ್ಮಲ್ಲಿಗೆ ಬಂದವರು ಅದನ್ನ ಕೇಳಲೇ ಇಲ್ಲ ಅನ್ಸತ್ತೆ.

ರಾತ್ರಿ ಯಾಕೆ ಅಂತ ನೋಡಿ. ಹಗಲು ಬಿಸಿಲಿಗೆ ನೆಲ ಕಾದು ಅದರ ಹತ್ರದ ಗಾಳಿ ಬಿಸಿಯಾಗಿ ಮೇಲಕ್ಕೆ ಏಳತ್ತೆ, ಮೇಲಿನ ತಣ್ಣನೆ ಗಾಳಿ ಕೆಳಗಿಳಿಯತ್ತೆ, ಹೀಗೆ ದಿನವಿಡೀ ಕಲಸಾಟ ನಡೀತಾನೇ ಇರೋದ್ರಿಂದ ಘಟಕದಿಂದ ಎದ್ದ ಗ್ಯಾಸು ನೂರಾರು ಮೀಟರ್ ಎತ್ತರದ ತನಕ ಹರಡಿ ತೆಳುವಾಗಿ ಹೋಗತ್ತೆ. ಸೂರ್ಯ ಮುಳುಗಿ, ಮೋಡ ಇಲ್ಲದ ಆಕಾಶ ಇದ್ರೆ ನೆಲ ಬೇಗ ತಣ್ಣಗಾಗತ್ತೆ, ನೆಲಕ್ಕೆ ತಾಕಿರೋ ಗಾಳಿ ಮೇಲಿನ ಗಾಳಿಗಿಂತ ತಂಪಾಗಿ ಭಾರವಾಗಿ ಅಲ್ಲೇ ಕೂತ್ಕೊಳತ್ತೆ, ಇದಕ್ಕೆ ಇನ್ವರ್ಷನ್ ಅಂತಾರೆ. ಆಗ ಗ್ಯಾಸು ಮೇಲೆ ಹೋಗೋಕೆ ದಾರಿ ಇಲ್ಲ, ಬೀಸೋ ಗಾಳಿನೂ ನಿಧಾನ, ಹಗಲಲ್ಲಿ ಬಿಟ್ಟಷ್ಟೇ ಗ್ಯಾಸು ರಾತ್ರಿ ಬಿಟ್ರೂ ಅದು ನೆಲದ ಹತ್ರ ಒಂದು ತೆಳ್ಳನೆ ಪದರದಲ್ಲೇ ಉಳ್ಕೊಂಡು ತೆವಳ್ತಾ ತೆವಳ್ತಾ ಮನೆಗಳ ಕಡೆ ಬರತ್ತೆ. ಮತ್ತೆ ಈ ಘಟಕಗಳನ್ನ ಸಾಮಾನ್ಯವಾಗಿ ತಗ್ಗು ಜಾಗದಲ್ಲೇ ಕಟ್ಟೋದು, ಆದಷ್ಟೂ ಪಂಪ್ ಇಲ್ಲದೆ ನೀರು ತಾನಾಗೇ ಹರಿದು ಬರಲಿ ಅಂತ. ರಾತ್ರಿ ತಣ್ಣಗಾದ ಗಾಳಿನೂ ಇಳಿಜಾರು ಹುಡುಕ್ಕೊಂಡು ಹಳ್ಳದ ಉದ್ದಕ್ಕೂ ಹರಿಯತ್ತೆ, ಅದರ ದಿಕ್ಕಿಗೂ ಹಗಲು ಬೀಸೋ ಗಾಳಿ ದಿಕ್ಕಿಗೂ ಸಂಬಂಧನೇ ಇರದೇ ಇರಬಹುದು. ಹಾಗಾಗಿ ಯಾರಾದ್ರೂ ವರ್ಷದ ಸರಾಸರಿ ಗಾಳಿ ನಕ್ಷೆ ತೋರಿಸಿ "ಗಾಳಿ ನಿಮ್ಮ ಕಡೆ ಬೀಸೋದೇ ಇಲ್ಲ" ಅಂದ್ರೆ, ರಾತ್ರಿ 8ರಿಂದ ಬೆಳಗ್ಗೆ 8ರ ತನಕದ ನಕ್ಷೆ, ಅದರಲ್ಲೂ ಗಾಳಿ ತೀರಾ ನಿಧಾನ ಇರೋ ಗಂಟೆಗಳದ್ದು ಬೇರೆ ತೆಗೆದು ತೋರಿಸಿ ಅಂತ ಕೇಳಿ.

ಈಗ ಆ ಮೀಟರ್ ಕಥೆ. ಕೊಳೆತ ಮೊಟ್ಟೆ ವಾಸನೆ ಬರೋದು ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸಿಂದ. ಮೂಗು ಅದನ್ನ ಕೆಲವೇ ಪಿಪಿಬಿಲಿ, ಅಂದ್ರೆ ನೂರು ಕೋಟಿ ಭಾಗ ಗಾಳಿಲಿ ಕೆಲವೇ ಭಾಗ ಇದ್ರೂ ಹಿಡಿಯತ್ತೆ. ಕೆಲಸಗಾರರು ಬೆಲ್ಟಿಗೆ ಸಿಕ್ಕಿಸ್ಕೊಳ್ಳೋ ಗ್ಯಾಸ್ ಮೀಟರ್ ಇರೋದು ಜೀವ ಉಳಿಸೋಕೆ, ಅದರ ಅಲಾರಂ ಸಾಮಾನ್ಯವಾಗಿ 10 ಪಿಪಿಎಂಗೆ ಕೂಗತ್ತೆ. 10 ಪಿಪಿಎಂ ಅಂದ್ರೆ 10,000 ಪಿಪಿಬಿ. ನಿಮ್ಮ ಅಂಗಳದಲ್ಲಿ 20 ಪಿಪಿಬಿ ಇದ್ದು ಮನೆ ಮಂದಿಯೆಲ್ಲಾ ಮೂಗು ಮುಚ್ಕೊಂಡು ಕೂತಿದ್ರೂ ಆ ಮೀಟರ್ ಸೊನ್ನೆನೇ ತೋರಿಸೋದು, ಅದರ ಕಣ್ಣಿಗೆ 20 ಪಿಪಿಬಿ ಕಾಣೋದೇ ಇಲ್ಲ. ಅಂದ್ರೆ ತಪ್ಪು ಹೊತ್ತಲ್ಲಿ ತಪ್ಪು ಮೀಟರ್ ಹಿಡಿದಿದ್ದಾರೆ. ಪಿಪಿಬಿ ಮಟ್ಟದಲ್ಲಿ ಅಳೆಯೋ ಹೈಡ್ರೋಜನ್ ಸಲ್ಫೈಡ್ ಅನಲೈಸರ್‌ಗಳು ಬೇರೆನೇ ಇವೆ, ಅದನ್ನ ಒಂದೆರಡು ವಾರ ಹಗಲು ರಾತ್ರಿ ಒಂದೇ ಕಡೆ ಇಟ್ಟು ರೆಕಾರ್ಡ್ ಮಾಡಿದ್ರೆ ಗಂಟೆ ಗಂಟೆಯ ಗ್ರಾಫ್ ಸಿಗತ್ತೆ, ಸಂಜೆ ಮೇಲೇರಿ ಬೆಳಗ್ಗೆ ಇಳಿಯೋದು ಕಣ್ಣಿಗೇ ಕಾಣತ್ತೆ. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ ಅಂತ 2000ದಲ್ಲಿ ಮಾಡಿದ ಮಾರ್ಗಸೂಚಿಲಿ ಈ ಗ್ಯಾಸಿಗೆ ಎರಡು ಬೇರೆ ಬೇರೆ ಅಂಕಿ ಇದೆ. ಆರೋಗ್ಯದ ಲೆಕ್ಕಕ್ಕೆ 24 ಗಂಟೆ ಸರಾಸರಿ ಒಂದು ಘನ ಮೀಟರ್ ಗಾಳಿಲಿ 150 ಮೈಕ್ರೋಗ್ರಾಂ, ವಾಸನೆಯ ಕಿರಿಕಿರಿ ತಪ್ಪಿಸೋಕೆ ಅರ್ಧ ಗಂಟೆ ಸರಾಸರಿ 7 ಮೈಕ್ರೋಗ್ರಾಂ, ಅಂದ್ರೆ ಸುಮಾರು 5 ಪಿಪಿಬಿ. ಎರಡಕ್ಕೂ 20 ಪಟ್ಟು ವ್ಯತ್ಯಾಸ ಇದೆ ನೋಡಿ. ದೊಡ್ಡ ಅಂಕಿಗಿಂತ ಕಮ್ಮಿ ಇದೆ ಅಂತ ಬಾಯಿ ಮುಚ್ಚಿಸೋಕೆ ಬಂದ್ರೆ ಚಿಕ್ಕ ಅಂಕಿ ಬಗ್ಗೆ ಕೇಳಿ.

ಸರಿ, ಈ ಗ್ಯಾಸು ಹುಟ್ಟೋದು ಎಲ್ಲಿ? ಬಹಳ ಜನ ಘಟಕದಲ್ಲೇ ಅಂದ್ಕೋತಾರೆ, ಅರ್ಧ ಕಥೆ ಪೈಪಲ್ಲೇ ಆಗಿರತ್ತೆ. ಒಳಚರಂಡಿ ಪೈಪಲ್ಲಿ ನೀರು ಗಂಟೆಗಟ್ಟಲೆ ನಿಧಾನಕ್ಕೆ ಬರ್ತಾ ಬರ್ತಾ ಅದರಲ್ಲಿರೋ ಆಮ್ಲಜನಕ ಖಾಲಿಯಾಗತ್ತೆ, ಆಗ ಪೈಪಿನ ಗೋಡೆಗೆ ಅಂಟಿರೋ ಲೋಳೆಲಿರೋ ಬ್ಯಾಕ್ಟೀರಿಯಾಗಳು ನೀರಲ್ಲಿರೋ ಸಲ್ಫೇಟನ್ನ ಸಲ್ಫೈಡ್ ಮಾಡ್ತವೆ. ಬೇಸಿಗೆಲಿ ಇನ್ನೂ ಜೋರು, ನೀರು ಬೆಚ್ಚಗಾದಷ್ಟೂ ಅವುಗಳ ಕೆಲಸ ಚುರುಕು. ಅದರಲ್ಲೂ ಪಂಪ್ ಹಾಕಿ ತಳ್ಳೋ ಉದ್ದದ ಪೈಪ್‌ಲೈನಲ್ಲಿ ಗಾಳಿಗೆ ಜಾಗವೇ ಇರಲ್ಲ, ನೀರು ಘಟಕ ಮುಟ್ಟೋ ಹೊತ್ತಿಗೆ ಕಪ್ಪಾಗಿ ಹೋಗಿರತ್ತೆ. ಹಾಗೆ ಬಂದಿದ್ದು ಒಳಬರೋ ಚೇಂಬರಲ್ಲಿ ಧೊಪ್ ಅಂತ ಎತ್ತರದಿಂದ ಬಿದ್ದಾಗ, ಜಾಲರಿ ದಾಟಿ ಮರಳು ತೆಗೆಯೋ ತೊಟ್ಟಿಲಿ ಕುಲುಕಾಡಿದಾಗ, ಕರಗಿದ್ದ ಗ್ಯಾಸೆಲ್ಲಾ ಒಮ್ಮೆಲೇ ಹೊರಗೆ ಬರತ್ತೆ. ನೀರಿನ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, 7ರ ಹತ್ರ ಇದ್ರೆ ಕರಗಿರೋ ಸಲ್ಫೈಡಲ್ಲಿ ಹತ್ರಹತ್ರ ಅರ್ಧ ಭಾಗ ಗ್ಯಾಸಾಗಿ ಹಾರೋಕೆ ರೆಡಿಯಾಗಿರತ್ತೆ, ಪಿಎಚ್ ಇಳಿದಷ್ಟೂ ಇನ್ನೂ ಜಾಸ್ತಿ.

ಇನ್ನೊಂದು ದೊಡ್ಡ ಮೂಲ ಸ್ಲಡ್ಜ್, ಅಂದ್ರೆ ತಳಕ್ಕೆ ಕೂತ ಕೆಸರು. ಅದನ್ನ ಗಟ್ಟಿ ಮಾಡೋ ತೊಟ್ಟಿ, ನೀರು ಹಿಂಡೋ ಮೆಷಿನ್, ಹಿಂಡಿದ್ದನ್ನ ಲಾರಿ ಬರೋ ತನಕ ರಾಶಿ ಹಾಕೋ ಜಾಗ, ನನ್ನ ಪ್ರಕಾರ ಅಕ್ಕಪಕ್ಕದವರ ತಲೆನೋವಿಗೆ ಈ ಕೊನೇದೇ ಎಷ್ಟೋ ಸಲ ಕಾರಣ, ಯಾಕಂದ್ರೆ ಡಿಸೈನಲ್ಲಿ ಎಲ್ಲಾ ಚೆನ್ನಾಗಿರತ್ತೆ, ಲಾರಿ ಮಾತ್ರ ಬರಲ್ಲ. ವಿಚಿತ್ರ ಅಂದ್ರೆ ಹೊರಗಿಂದ ನೋಡೋಕೆ ಭಯ ಹುಟ್ಟಿಸೋ ಆ ದೊಡ್ಡ ಗುಳ್ಳೆ ಏಳೋ ಏರೇಶನ್ ತೊಟ್ಟಿ ಅಷ್ಟು ಕೆಟ್ಟದ್ದಲ್ಲ, ಗಾಳಿ ಸರಿಯಾಗಿ ಕೊಟ್ರೆ ಅಲ್ಲಿ ಬರೋದು ಒದ್ದೆ ಮಣ್ಣಿನ ತರದ ಮಂದ ವಾಸನೆ ಅಷ್ಟೇ. ಕರೆಂಟ್ ಉಳಿಸೋಕೆ ಗಾಳಿ ಊದೋ ಬ್ಲೋವರ್ ಆಫ್ ಮಾಡಿದ್ರೆ ಮಾತ್ರ ಅದೂ ನಾರೋಕೆ ಶುರು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ನಿಮ್ಮ ಮೂಗೇ ಎಲ್ಲಿಂದ ಬರ್ತಿದೆ ಅಂತ ಹೇಳಬಲ್ಲದು. ಕೊಳೆತ ಮೊಟ್ಟೆ ಆದ್ರೆ ಮೊದಲು ಒಳಬರೋ ಚೇಂಬರ್ ಕಡೆ ಅನುಮಾನ ಪಡಿ. ಕೊಳೆತ ಎಲೆಕೋಸಿನ ತರ ಇದ್ರೆ ಅದು ಮರ್ಕ್ಯಾಪ್ಟನ್, ಡೈಮಿಥೈಲ್ ಸಲ್ಫೈಡ್ ಅನ್ನೋ ಗಂಧಕದ ಗ್ಯಾಸುಗಳ ಗುಂಪು, ಸ್ಲಡ್ಜ್ ಕಡೆಯಿಂದ ಬರೋದು ಜಾಸ್ತಿ. ಮೀನಿನ ವಾಸನೆ ಅಥವಾ ಮೂಗಿಗೆ ಚುರ್ ಅನ್ನೋ ಅಮೋನಿಯಾ ಇದ್ರೆ ಸ್ಲಡ್ಜಿಗೆ ಸುಣ್ಣ ಹಾಕ್ತಿರಬಹುದು ಇಲ್ಲಾ ಒಣಗಿಸ್ತಿರಬಹುದು. ಮಲದ ವಾಸನೆನೇ ನೇರ ಬಂದ್ರೆ ಅದು ಇಂಡೋಲ್, ಸ್ಕೆಟೋಲ್ ಅನ್ನೋ ರಾಸಾಯನಿಕಗಳದ್ದು. ಬರೀ "ಕೆಟ್ಟ ವಾಸನೆ" ಅಂತ ಕಂಪ್ಲೇಂಟ್ ಬರೆಯೋದಕ್ಕೂ "ರಾತ್ರಿ ಹತ್ತಕ್ಕೆ ಎಲೆಕೋಸು, ಬೆಳಗ್ಗೆ ಆರಕ್ಕೆ ಮೊಟ್ಟೆ" ಅಂತ ಬರೆಯೋದಕ್ಕೂ ಇಂಜಿನಿಯರ್ ಕೈಲಿ ಬಹಳ ವ್ಯತ್ಯಾಸ ಆಗತ್ತೆ.

ಅದಕ್ಕೂ ಮುಂಚೆ ಒಂದು ಸಣ್ಣ ಚೆಕ್ ಮಾಡ್ಕೊಳ್ಳಿ, ಬೇಜಾರು ಮಾಡ್ಕೋಬೇಡಿ. ಬಾತ್‌ರೂಮ್ ನೆಲದ ಜಾಲರಿ ಕೆಳಗೆ ನೀರು ನಿಲ್ಲೋ ಟ್ರ್ಯಾಪ್ ಇರತ್ತಲ್ಲ, ಬಳಸದೇ ಇರೋ ಬಾತ್‌ರೂಮಲ್ಲಿ ಅದು ಒಣಗಿ ಹೋದ್ರೆ ಚರಂಡಿ ಗ್ಯಾಸು ಸೀದಾ ಮನೆ ಒಳಗೇ ಬರತ್ತೆ, ಅದೂ ಥೇಟ್ ಇದೇ ವಾಸನೆ. ಎಲ್ಲದಕ್ಕೂ ಒಂದೊಂದು ಮಗ್ ನೀರು ಹಾಕಿ ನೋಡಿ. ಮನೆ ಒಳಗೆ ಜಾಸ್ತಿ ಇದ್ದು ಹೊರಗೆ ಹೋದ್ರೆ ಕಮ್ಮಿ ಅಂದ್ರೆ ಘಟಕ ಅಪರಾಧಿ ಅಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಮೈಗೆ ಏನಾಗತ್ತೆ. ಹೈಡ್ರೋಜನ್ ಸಲ್ಫೈಡ್ ಜೋರಾಗಿದ್ರೆ ಕ್ರೂರ ವಿಷ, ಅದರಲ್ಲಿ ಎರಡು ಮಾತಿಲ್ಲ, 100 ಪಿಪಿಎಂ ಆಸುಪಾಸಲ್ಲಿ ಮೂಗಿನ ನರವೇ ಸೋತು ವಾಸನೆ ಬರೋದು ನಿಂತು ಹೋಗತ್ತೆ, 500 ದಾಟಿದ್ರೆ ನಿಮಿಷಗಳಲ್ಲಿ ಕುಸಿದು ಬೀಳ್ತಾರೆ, ಮ್ಯಾನ್‌ಹೋಲಿಗೆ ಇಳಿದವರು ಸಾಯೋದು ಹೀಗೇ. ಆದ್ರೆ ಅದು ಮುಚ್ಚಿದ ಜಾಗದ ಕಥೆ, ನಿಮ್ಮ ಮನೆ ಅಂಗಳದ ಮಟ್ಟ ಅದರ ಸಾವಿರ ಪಾಲು ಕಮ್ಮಿ ಇರತ್ತೆ. ಕಮ್ಮಿ ಮಟ್ಟದಲ್ಲಿ ವರ್ಷಾನುಗಟ್ಟಲೆ ಉಸಿರಾಡಿದ್ರೆ ಏನು ಅನ್ನೋದಕ್ಕೆ ನನಗೆ ಗೊತ್ತಿರೋ ಒಳ್ಳೇ ಉದಾಹರಣೆ ನ್ಯೂಜಿಲೆಂಡಿನ ರೊಟೊರುವಾ ನಗರ, ಅಲ್ಲಿ ನೆಲದೊಳಗಿನ ಬಿಸಿಯಿಂದಾಗಿ ಊರಿಗೆ ಊರೇ ಈ ಗ್ಯಾಸಿನ ಮಧ್ಯೆ ಬದುಕ್ತಿದೆ, ಸರಾಸರಿ ಸುಮಾರು 20 ಪಿಪಿಬಿ. ಅಲ್ಲಿನ 1,600ಕ್ಕೂ ಹೆಚ್ಚು ದೊಡ್ಡವರನ್ನ ಪರೀಕ್ಷೆ ಮಾಡಿದ ಅಧ್ಯಯನದಲ್ಲಿ ಆಸ್ತಮಾ ಜಾಸ್ತಿ ಆಗಿದ್ದಾಗ್ಲೀ ನೆನಪಿನ ಶಕ್ತಿ, ಯೋಚನಾ ಶಕ್ತಿ ಕುಂದಿದ್ದಾಗ್ಲೀ ಕಂಡುಬರಲಿಲ್ಲ. ಇದು ಸಮಾಧಾನದ ವಿಷಯ, ಬಿಡಿ. ಆದ್ರೆ ಅದು ಬರೀ ಒಂದು ಗ್ಯಾಸಿನ ಲೆಕ್ಕ, ನಿಮ್ಮ ಮನೆಗೆ ಬರೋದು ಹತ್ತಾರು ಗ್ಯಾಸಿನ ಮಿಶ್ರಣ. ಅವರು ನೋಡಿದ್ದು ದೊಡ್ಡವರನ್ನ, ವೀಝಿಂಗ್ ಇರೋ ಮಗುವನ್ನಲ್ಲ.

ಹಾಗಾದ್ರೆ ತಲೆನೋವು, ವಾಕರಿಕೆ ಎಲ್ಲಿಂದ? ಸಂಶೋಧಕರು ಇದಕ್ಕೆ ಮೂರು ದಾರಿ ಹೇಳ್ತಾರೆ. ಕೆಲವು ಸಲ ಗ್ಯಾಸು ಕಣ್ಣು ಗಂಟಲು ಉರಿಸೋಷ್ಟೇ ಇರತ್ತೆ, ಅಮೋನಿಯಾ ಹಾಗೆ, ಅಲ್ಲಿ ವಾಸನೆ ಬರೀ ಎಚ್ಚರಿಕೆ ಗಂಟೆ. ಕೆಲವು ಸಲ ವಾಸನೆ ಜೊತೆ ಬೇರೇನೋ ಬರ್ತಿರತ್ತೆ, ಧೂಳು, ಬ್ಯಾಕ್ಟೀರಿಯಾದ ಚೂರು, ತೊಂದ್ರೆ ಅದರದ್ದು. ಆದ್ರೆ ಕೊಳಚೆ ಘಟಕದ ಸುತ್ತ ಹೆಚ್ಚಾಗಿ ಇರೋದು ಇನ್ನೊಂದು ತರದ್ದು, ಉರಿಸೋ ಮಟ್ಟಕ್ಕಿಂತ ಬಹಳ ಕೆಳಗೇ ಮೂಗು ಹಿಡಿದ್ಬಿಡತ್ತೆ, ದೇಹ ಅದಕ್ಕೇ ಪ್ರತಿಕ್ರಿಯೆ ಕೊಡತ್ತೆ. ಕೊಳೆತಿದ್ದರ ವಾಸನೆ ಬಂದ್ರೆ ಹೊಟ್ಟೆ ತೊಳಸೋದು ಕೆಟ್ಟದ್ದನ್ನ ತಿನ್ನದಂಗೆ ಕಾಪಾಡೋಕೆ ದೇಹದಲ್ಲೇ ಇರೋ ವ್ಯವಸ್ಥೆ. ಮೂಗಿನ ಸಂದೇಶ ಬೇರೆ ಇಂದ್ರಿಯಗಳ ತರ ಥಲಾಮಸ್ ಅನ್ನೋ ಮೆದುಳಿನ ಜಂಕ್ಷನ್ ಸುತ್ತಿ ಬರಲ್ಲ, ಭಯ ಅಸಹ್ಯ ಹುಟ್ಟೋ ಅಮಿಗ್ಡಾಲ ಭಾಗಕ್ಕೆ ಹತ್ರದ ದಾರಿಲಿ ಹೋಗತ್ತೆ. ಹಾಗಾಗಿ "ತಲೆ ಕೆಡಿಸ್ಕೋಬೇಡಿ" ಅಂತ ಬುದ್ಧಿ ಹೇಳಿದ್ರೆ ವಾಕರಿಕೆ ಕೇಳಲ್ಲ. ಸೊಳ್ಳೆ ಕಿವಿ ಹತ್ರ ಗುಂಯ್ ಅಂತಿದ್ರೆ ಅದು ಕಚ್ಚದೇ ಇದ್ರೂ ನಿದ್ದೆ ಹಾಳು ತಾನೇ, "ರಕ್ತ ಹೀರಿಲ್ವಲ್ಲ, ಮಲ್ಕೊಳ್ಳಿ" ಅಂದ್ರೆ ಹೇಗಿರತ್ತೆ, ಹಾಗೇ ಇದು.

ನಿದ್ದೆ ಬಗ್ಗೆ ಒಂದು ಕುತೂಹಲದ ಸಂಗತಿ ಇದೆ. 2004ರಲ್ಲಿ ಮೇರಿ ಕಾರ್ಸ್‌ಕ್ಯಾಡನ್ ಮತ್ತೆ ರೇಚಲ್ ಹರ್ಜ್ ಅನ್ನೋ ಸಂಶೋಧಕರು ಮಲಗಿರೋರ ಮೂಗಿಗೆ ವಾಸನೆ ಬಿಟ್ಟು ನೋಡಿದ್ರು, ಗಾಢ ನಿದ್ದೆಲಿ ಇರೋರನ್ನ ಕೆಟ್ಟ ವಾಸನೆನೂ ಸರಿಯಾಗಿ ಎಬ್ಬಿಸಲಿಲ್ಲ. ಅಂದ್ರೆ ನಿಮ್ಮನ್ನ ವಾಸನೆ ಎಬ್ಬಿಸ್ತಿರೋದು ಕಮ್ಮಿ, ಮಲಗೋ ಮುಂಚೆ ವಾಸನೆ ಇದ್ರೆ ನಿದ್ದೆ ಹತ್ತಲ್ಲ, ಬೆಳಗಿನ ಜಾವ ಎಲ್ಲರಿಗೂ ಆಗೋ ಹಾಗೆ ಸ್ವಲ್ಪ ಎಚ್ಚರ ಆದಾಗ ವಾಸನೆ ಮೂಗಿಗೆ ಬಡಿದು ಮತ್ತೆ ಕಣ್ಣು ಮುಚ್ಚಲ್ಲ. ಸೆಕೆ ಅಂತ ಕಿಟಕಿ ತೆಗೆಯೋ ಹಾಗೂ ಇಲ್ಲ, ಮುಚ್ಚಿದ್ರೆ ಉಸಿರು ಕಟ್ಟತ್ತೆ. ಹೀಗೆ ತಿಂಗಳುಗಟ್ಟಲೆ ಆದ್ರೆ ತಲೆನೋವು, ಸಿಡುಕು, ಬಿಪಿ ಎಲ್ಲಾ ಒಂದರ ಹಿಂದೆ ಒಂದು ಬರೋಕೆ ವಿಷಾನೇ ಬೇಕಾ? ಹಂದಿ ಸಾಕಣೆ ಕೇಂದ್ರಗಳ ಸುತ್ತ ಇರೋ ಜನರ ಮೇಲೆ ಸೂಸನ್ ಶಿಫ್‌ಮನ್ ಅನ್ನೋ ಸಂಶೋಧಕಿ 1995ರಲ್ಲಿ ಮಾಡಿದ ಅಧ್ಯಯನದಲ್ಲಿ ವಾಸನೆ ಇರೋ ಕಡೆಯವರಲ್ಲಿ ಆತಂಕ, ಖಿನ್ನತೆ, ಕೋಪ, ಸುಸ್ತು ಜಾಸ್ತಿ ಕಂಡಿತ್ತು, ಕೊಳಚೆ ಘಟಕ ಬೇರೆ ನಿಜ, ಆದ್ರೆ ದಾರಿ ಅದೇ. ಮತ್ತೆ ಯಾರೂ ಅಳೆಯದ ಒಂದು ನಷ್ಟ ಇದೆ, ನೆಂಟರನ್ನ ಕರೆಯೋಕೆ ನಾಚಿಕೆ, ಸಂಜೆ ಮಕ್ಕಳನ್ನ ಹೊರಗೆ ಬಿಡೋಕಾಗಲ್ಲ, ಟೆರೇಸಲ್ಲಿ ಬಟ್ಟೆ ಒಣಗಿಸೋಕಾಗಲ್ಲ. ಇದು ಯಾವ ಬ್ಲಡ್ ಟೆಸ್ಟಲ್ಲೂ ಬರಲ್ಲ.

ನಿಮ್ಮ ಯಜಮಾನ್ರ ಮಾತಿಗೆ ಬರ್ತೀನಿ. ಅವರು ಪೂರ್ತಿ ತಪ್ಪೂ ಅಲ್ಲ, ಸರಿನೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿರೋ, ವಾಸನೆ ರುಚಿ ಬಗ್ಗೆ ಸಂಶೋಧನೆ ಮಾಡೋ ಮೊನೆಲ್ ಕೇಂದ್ರದಲ್ಲಿ ಪಮೇಲಾ ಡಾಲ್ಟನ್ ಅನ್ನೋರು 1990ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ರು, ಒಂದೇ ವಾಸನೆ ಕೊಟ್ಟು ಒಂದು ಗುಂಪಿಗೆ ಇದು ಹಾನಿಕರ ಅಂತ, ಇನ್ನೊಂದು ಗುಂಪಿಗೆ ಇದು ಪ್ರಕೃತಿಯ ಒಳ್ಳೇ ಸಾರ ಅಂತ ಹೇಳಿದ್ರು. ಹಾನಿಕರ ಅಂತ ಕೇಳಿದವರಿಗೇ ವಾಸನೆ ಜೋರು ಅನ್ನಿಸ್ತು, ಗಂಟಲು ಕೆರೆತ ತಲೆನೋವು ಜಾಸ್ತಿ ಬಂತು. ಅಂದ್ರೆ ಆತಂಕ ವಾಸನೆಯ ತೊಂದ್ರೆನ ಹೆಚ್ಚಿಸತ್ತೆ, ಇದು ನಿಜ. ಆದ್ರೆ ಅಲ್ಲಿ ವಾಸನೆ ಇತ್ತು ಅನ್ನೋದನ್ನ ಮರೀಬಾರದು! ಈ ಪ್ರಯೋಗ ತೋರಿಸಿ "ಎಲ್ಲಾ ನಿಮ್ಮ ಮನಸ್ಸಲ್ಲಿ" ಅನ್ನೋ ಘಟಕದವರು ಅದರ ಇನ್ನೊಂದು ಪಾಠ ಬಿಟ್ಬಿಡ್ತಾರೆ, ಜನರಿಗೆ ಮಾಹಿತಿ ಕೊಡದೆ ಸುಳ್ಳು ಹೇಳಿದಷ್ಟೂ ಆತಂಕ ಬೆಳೆಯತ್ತೆ, ಅದರ ಜೊತೆ ತಲೆನೋವೂ. ಇನ್ನು ನಿಮ್ಮ ಯಜಮಾನ್ರಿಗೆ ವಾಸನೆ ಬರದೇ ಇದ್ರೆ ಅದಕ್ಕೆ ಬೇರೆ ಕಾರಣನೂ ಇರಬಹುದು, ಒಬ್ಬೊಬ್ಬರ ಮೂಗಿನ ಸೂಕ್ಷ್ಮತೆ ಒಂದೊಂದು ತರ, ಮತ್ತೆ ಒಂದೇ ವಾಸನೆಲಿ ಇದ್ರೆ ಕೆಲವೇ ನಿಮಿಷಕ್ಕೆ ಮೂಗು ಒಗ್ಗಿ ಹೋಗತ್ತೆ. ಘಟಕದ ಸಿಬ್ಬಂದಿ "ನಮಗೇ ಬರಲ್ಲ, ನಿಮಗೆ ಹೇಗೆ" ಅಂತ ಕೇಳೋದು ಇದಕ್ಕೇ, ಪಾಪ ಅವರು ಸುಳ್ಳು ಹೇಳ್ತಿಲ್ಲ, ಅವರ ಮೂಗು ಆ ಕೆಲಸಕ್ಕೆ ಆಗಲ್ಲ ಅಷ್ಟೇ.

ವಾಸನೆ ಜೊತೆ ರೋಗಾಣು ಬರತ್ತಾ ಅಂತ ನೀವು ಕೇಳಿಲ್ಲ, ಆದ್ರೆ ಎಲ್ಲರೂ ಕೇಳೋದ್ರಿಂದ ಹೇಳ್ತೀನಿ. ವಾಸನೆ ಅನ್ನೋದು ಗ್ಯಾಸು, ಅದರಲ್ಲಿ ರೋಗಾಣು ಇರಲ್ಲ. ಏರೇಶನ್ ತೊಟ್ಟಿ ಗುಳ್ಳೆ ಒಡೆದಾಗ ಸಣ್ಣ ಹನಿಗಳ ಜೊತೆ ಬ್ಯಾಕ್ಟೀರಿಯಾ ಏಳೋದು ಹೌದು, ಆದ್ರೆ ದೂರ ಹೋದಷ್ಟೂ ಅವು ಬೇಗ ಕಮ್ಮಿಯಾಗ್ತವೆ, ಒಣಗಿ ಬಿಸಿಲಿಗೆ ಸಾಯ್ತವೆ, ಗಾಬರಿ ಪಡಬೇಕಾದವರು ಮೊದಲು ಅಲ್ಲೇ ಕೆಲಸ ಮಾಡೋರು.

ಮಗಳ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಆಸ್ತಮಾ ಇರೋ ಕೆಲವರಿಗೆ ಗಟ್ಟಿ ವಾಸನೆನೇ ಅಟ್ಯಾಕ್ ಶುರು ಮಾಡೋ ಟ್ರಿಗರ್. ವಾಸನೆ ಇದ್ದ ರಾತ್ರಿಗೂ ಕೆಮ್ಮು ಬಂದ ರಾತ್ರಿಗೂ ತಾಳೆ ಆಗತ್ತಾ ಅಂತ ಒಂದು ತಿಂಗಳು ಬರೆದಿಟ್ಟು ಡಾಕ್ಟರಿಗೆ ತೋರಿಸಿ, ಬಾಯಲ್ಲಿ ಹೇಳಿದ್ರೆ ಅವರಿಗೆ ಹಿಡಿತ ಸಿಗಲ್ಲ. ಇನ್ಹೇಲರ್ ಕೊಟ್ಟಿದ್ರೆ ವಾಸನೆ ನಿಂತ್ಮೇಲೆ ನೋಡೋಣ ಅಂತ ಬಿಡಬೇಡಿ.

ಬರೆದಿಡೋದು ಅಂದ್ನಲ್ಲ, ಕಂಪ್ಲೇಂಟಿಗೂ ಅದೇ ಅಸ್ತ್ರ. ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು, ಯಾವ ತರದ ವಾಸನೆ, 0ಯಿಂದ 6ರ ತನಕ ಎಷ್ಟು ಜೋರು (0 ಅಂದ್ರೆ ಇಲ್ಲವೇ ಇಲ್ಲ, 6 ಅಂದ್ರೆ ತೀರಾ ಜೋರು), ಗಾಳಿ ಇತ್ತಾ ಇಲ್ವಾ, ಮೋಡನಾ ಶುಭ್ರನಾ, ಏನು ಕೆಲಸ ಬಿಡಬೇಕಾಯ್ತು. ವಾಸನೆ ಇಲ್ಲದ ದಿನ "ಇಲ್ಲ" ಅಂತಲೂ ಬರೀಬೇಕು, ಇದನ್ನ ಬಹಳ ಜನ ಬಿಡ್ತಾರೆ, ಆಮೇಲೆ ದಿನಾ ಬರತ್ತೆ ಅಂತ ಉತ್ಪ್ರೇಕ್ಷೆ ಮಾಡ್ತಿದ್ದಾರೆ ಅನ್ನೋ ಮಾತಿಗೆ ಸಿಕ್ಕಿ ಹಾಕ್ಕೋತಾರೆ. ಬೇರೆ ಬೇರೆ ದಿಕ್ಕಿನ ಮೂರ್ನಾಲ್ಕು ಮನೆಯವರು ಒಬ್ಬರಿಗೊಬ್ಬರು ಹೇಳ್ಕೊಳ್ಳದೆ ಬರೆದ್ರೆ ಇನ್ನೂ ಗಟ್ಟಿ, ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಶುರು ಮಾಡಿದ್ಮೇಲೆ ಎಲ್ಲರಿಗೂ ಬರೋ ವಾಸನೆಗೆ ಬೆಲೆ ಕಮ್ಮಿ. ಆಮೇಲೆ ಆ ಗಂಟೆಗಳನ್ನ ಹವಾಮಾನ ದಾಖಲೆ ಜೊತೆ, ಘಟಕದ ಲಾಗ್‌ಬುಕ್ ಜೊತೆ ಇಟ್ಟು ನೋಡಿದ್ರೆ, ಸ್ಲಡ್ಜ್ ಹಿಂಡೋ ಶಿಫ್ಟ್ ಯಾವಾಗ, ಬ್ಲೋವರ್ ಯಾವಾಗ ಆಫ್ ಆಯ್ತು, ಎಲ್ಲಾ ಹೊರಗೆ ಬರತ್ತೆ. ಬೆಳ್ಳಿ ಸಾಮಾನು ಬೇಗ ಬೇಗ ಕಪ್ಪಾಗ್ತಿದ್ರೆ, ಎಸಿ ತಾಮ್ರದ ಕಾಯಿಲ್ ಪದೇ ಪದೇ ಲೀಕ್ ಆಗ್ತಿದ್ರೆ ಅದನ್ನೂ ಫೋಟೋ ಸಮೇತ ಸೇರಿಸಿ, ಸಲ್ಫೈಡ್ ಗ್ಯಾಸು ಬೆಳ್ಳಿನೂ ತಾಮ್ರನೂ ತಿನ್ನತ್ತೆ, ಅದಕ್ಕೆ ಧ್ಯಾನ ಗೀನ ಏನೂ ಇರಲ್ಲ.

ಮನುಷ್ಯರ ಮೂಗನ್ನೇ ಅಧಿಕೃತ ಅಳತೆ ಮಾಡೋ ಪದ್ಧತಿನೂ ಇದೆ, ಅದನ್ನ ಕೇಳಿದ್ರೆ ಅಧಿಕಾರಿಗಳು ನಗಬಾರದು. ಯುರೋಪಿನ ಇಎನ್ 13725 ಮಾನದಂಡದ ಪ್ರಕಾರ ಗಾಳಿ ಸ್ಯಾಂಪಲ್ ಚೀಲದಲ್ಲಿ ತುಂಬಿ, ಆರಿಸಿದ ಮೂಗಿನವರ ಮುಂದೆ ಶುದ್ಧ ಗಾಳಿ ಬೆರೆಸ್ತಾ ಹೋಗ್ತಾರೆ, ಅರ್ಧ ಜನಕ್ಕೆ ಮಾತ್ರ ಗೊತ್ತಾಗೋ ಹಂತಕ್ಕೆ ಎಷ್ಟು ಪಟ್ಟು ತೆಳು ಮಾಡಬೇಕಾಯ್ತೋ ಅದೇ ಅದರ ವಾಸನೆ ಯೂನಿಟ್. ತೀರಾ ಚುರುಕು ಮೂಗಿನವರನ್ನೂ ತೀರಾ ಮೊದ್ದು ಮೂಗಿನವರನ್ನೂ ಮೊದಲೇ ಬಿಟ್ಬಿಡ್ತಾರೆ. ಜರ್ಮನಿಲಿ ಇನ್ನೂ ಚೆಂದ, ಅಲ್ಲಿ ಲೆಕ್ಕ ಹಾಕೋದು ವಾಸನೆ ಗಂಟೆಗಳನ್ನ. ಒಂದು ಗಂಟೆಲಿ 6 ನಿಮಿಷ ಗುರುತಿಸೋ ಹಾಗೆ ವಾಸನೆ ಬಂದ್ರೆ ಅದು ವಾಸನೆ ಗಂಟೆ, ವಸತಿ ಪ್ರದೇಶದಲ್ಲಿ ವರ್ಷದ ಗಂಟೆಗಳಲ್ಲಿ 10% ಮೀರಬಾರದು, ಕೈಗಾರಿಕಾ ಪ್ರದೇಶದಲ್ಲಿ 15%. ವರ್ಷಕ್ಕೆ 8,760 ಗಂಟೆ, 10% ಅಂದ್ರೆ 876. ನಿಮ್ಮಲ್ಲಿ ದಿನಾ ಸಂಜೆ ಏಳರಿಂದ ಬೆಳಗ್ಗೆ ಏಳು ಅಂದ್ರೆ ಎರಡೂವರೆ ತಿಂಗಳಲ್ಲೇ ಅವರ ವರ್ಷದ ಕೋಟಾ ಮುಗಿದೋಯ್ತು. ನಿಮ್ಮ ಕಡೆ ಈ ಕಾನೂನು ಇರಲಿ ಬಿಡಲಿ, ಡೈರಿಲಿ ಗಂಟೆ ಎಣಿಸಿಟ್ರೆ ಮಾತಾಡೋಕೆ ಒಂದು ಸಂಖ್ಯೆ ಸಿಗತ್ತೆ.

ಘಟಕದವರಿಂದ ಏನು ಕೇಳಬೇಕು? ಮೊದಲನೇದಾಗಿ ಖರ್ಚಿಲ್ಲದ್ದು. ಹಿಂಡಿದ ಸ್ಲಡ್ಜ್ ರಾತ್ರಿ ಉಳಿಸಬೇಡಿ, ತೊಟ್ಟಿ ಅಂಚಿಗೆ ಅಂಟಿದ ಕೊಳೆ ತೊಳೀರಿ, ಸ್ಲಡ್ಜ್ ಕಲಕೋ ಕೆಲಸ, ತೊಟ್ಟಿ ಖಾಲಿ ಮಾಡೋ ಕೆಲಸ ಎಲ್ಲಾ ಮಧ್ಯಾಹ್ನಕ್ಕೆ ಇಟ್ಕೊಳ್ಳಿ, ಗಾಳಿ ಕಲಸಾಡೋ ಹೊತ್ತಲ್ಲಿ. ಇಷ್ಟಕ್ಕೇ ಎಷ್ಟೋ ಕಡೆ ರಾತ್ರಿ ವಾಸನೆ ಕಮ್ಮಿಯಾಗತ್ತೆ. ಆಮೇಲೆ ಪೈಪಲ್ಲೇ ಗ್ಯಾಸು ಹುಟ್ಟದ ಹಾಗೆ ಕ್ಯಾಲ್ಸಿಯಂ ನೈಟ್ರೇಟ್ ಅಥವಾ ಕಬ್ಬಿಣದ ಲವಣ ಸೇರಿಸೋದು. ದೊಡ್ಡ ಪರಿಹಾರ ಅಂದ್ರೆ ಒಳಬರೋ ಚೇಂಬರ್ ಮತ್ತೆ ಸ್ಲಡ್ಜ್ ತೊಟ್ಟಿಗಳಿಗೆ ಮುಚ್ಚಳ ಹಾಕಿ, ಒಳಗಿನ ಗಾಳಿನ ಫ್ಯಾನಲ್ಲಿ ಎಳೆದು ಬಯೋಫಿಲ್ಟರ್, ಗಾಳಿನ ರಾಸಾಯನಿಕ ದ್ರವದಲ್ಲಿ ತೊಳೆಯೋ ಸ್ಕ್ರಬ್ಬರ್ ಇಲ್ಲಾ ಆಕ್ಟಿವೇಟೆಡ್ ಕಾರ್ಬನ್ ಮೂಲಕ ಬಿಡೋದು. ಬಯೋಫಿಲ್ಟರ್ ಅಂದ್ರೆ ಮರದ ಚೂರು, ಕಾಂಪೋಸ್ಟ್ ತರದ ಹಾಸು, ಅದರಲ್ಲಿರೋ ಬ್ಯಾಕ್ಟೀರಿಯಾನೇ ಗ್ಯಾಸು ತಿಂದು ಮುಗಿಸತ್ತೆ, ಒದ್ದೆಯಾಗಿ ಇಡಬೇಕು ಅಷ್ಟೇ, ಒಣಗಿದ್ರೆ ಕೆಲಸ ನಿಲ್ಲತ್ತೆ. ಬರೀ ಮುಚ್ಚಳ ಹಾಕಿ ಗಾಳಿ ಎಳೆಯದೇ ಬಿಟ್ರೆ ಒಳಗೆ ಗ್ಯಾಸು ತುಂಬಿ ಕೆಲಸಗಾರರ ಜೀವಕ್ಕೇ ಕುತ್ತು, ಆ ಗ್ಯಾಸಿಂದ ಹುಟ್ಟೋ ಆಸಿಡ್ ಕಾಂಕ್ರೀಟನ್ನೂ ತಿಂದ್ಹಾಕತ್ತೆ, ಇದನ್ನ ಹುಷಾರಾಗಿ ಕೇಳಿ. ಕಾಂಪೌಂಡ್ ಸುತ್ತ ಸುವಾಸನೆ ಸ್ಪ್ರೇ ಹೊಡೆಯೋ ಪೈಪ್ ಹಾಕಿಸ್ತೀವಿ ಅಂದ್ರೆ ಬೇಡ ಅನ್ನಿ. ಮೊಟ್ಟೆ ವಾಸನೆ ಹೋಗಿ ಮಲ್ಲಿಗೆ ಬರಲ್ಲ, ಮಲ್ಲಿಗೆ ಹಾಕಿದ ಕೊಳೆತ ಮೊಟ್ಟೆ ಬರತ್ತೆ, ಜೊತೆಗೆ ಮಗಳ ಗಂಟಲಿಗೆ ಇನ್ನೊಂದು ಕೆಮಿಕಲ್.

ಒಂದು ಮಾತು ಮೊದಲೇ ತಿಳ್ಕೊಂಡಿರಿ. ಮೂಗು ಲೆಕ್ಕ ಹಾಕೋದು ನಮ್ಮ ಹಾಗಲ್ಲ, ಗ್ಯಾಸು 90% ಇಳಿಸಿದ್ರೂ ವಾಸನೆ ಅರ್ಧ ಇಳಿದ ಹಾಗೂ ಅನ್ಸದೇ ಇರಬಹುದು. ಅವರು ನಿಜವಾಗ್ಲೂ ಕೆಲಸ ಮಾಡಿರ್ತಾರೆ, ನಿಮಗೆ ಏನೂ ಮಾಡಿಲ್ಲ ಅನ್ಸತ್ತೆ, ಮತ್ತೆ ಜಗಳ. ಅಲ್ಲೂ ಡೈರಿ ಉಪಯೋಗಕ್ಕೆ ಬರತ್ತೆ, ಜೋರು ಎಷ್ಟು ಅನ್ನೋದಕ್ಕಿಂತ ವಾಸನೆ ಇರೋ ಗಂಟೆ ಕಮ್ಮಿ ಆಯ್ತಾ ನೋಡಿ.

ಅಲ್ಲಿ ತನಕ ಮನೇಲಿ ಏನು? ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ ಎಲ್ಲಾ ಕಿಟಕಿ ತೆಗೆದು ಗಾಳಿ ಆಡೋಕೆ ಬಿಡಿ, ವಾಸನೆ ಶುರುವಾಗೋ ಮುಂಚೆನೇ ಮುಚ್ಚಿ, ಬಂದ್ಮೇಲೆ ಮುಚ್ಚಿದ್ರೆ ಒಳಗೇ ಕೂಡಿ ಹಾಕಿದ ಹಾಗೆ. ಎಗ್ಸಾಸ್ಟ್ ಫ್ಯಾನ್ ರಾತ್ರಿ ಹಾಕಬೇಡಿ, ಅದು ಒಳಗಿನ ಗಾಳಿ ಹೊರಗೆ ತಳ್ಳಿದಷ್ಟೂ ಹೊರಗಿನದನ್ನ ಸಂದಿಯಿಂದ ಎಳ್ಕೊಳತ್ತೆ. ಏರ್ ಪ್ಯೂರಿಫೈಯರ್ ತಗೊಳ್ಳೋದಾದ್ರೆ ಬರೀ ಹೆಪಾ ಫಿಲ್ಟರ್ ಇರೋದು ಪ್ರಯೋಜನ ಇಲ್ಲ, ಅದು ಧೂಳು ಹಿಡಿಯತ್ತೆ, ಗ್ಯಾಸು ಹಿಡಿಯಲ್ಲ, ದಪ್ಪ ಕಾರ್ಬನ್ ಫಿಲ್ಟರ್ ಇರಬೇಕು, ಅದನ್ನೂ ಆಗಾಗ ಬದಲಾಯಿಸ್ತಾ ಇರಬೇಕು. ಅಗರಬತ್ತಿ, ರೂಮ್ ಫ್ರೆಶ್ನರ್ ಮಗಳ ಕೋಣೆಲಿ ಬೇಡವೇ ಬೇಡ.

ಕೊನೇದಾಗಿ, ಯಾವತ್ತಾದ್ರೂ ಯಾವಾಗ್ಲೂ ಇಲ್ಲದಷ್ಟು ಜೋರಾಗಿ ಬಂದು ಕಣ್ಣು ಉರಿ, ಎದೆ ಬಿಗಿತ, ತಲೆಸುತ್ತು ಮನೆಮಂದಿಗೆಲ್ಲಾ ಒಟ್ಟಿಗೇ ಶುರುವಾದ್ರೆ ಡೈರಿ ಬರೀತಾ ಕೂರಬೇಡಿ, ಮಗಳನ್ನ ಕರ್ಕೊಂಡು ಗಾಳಿ ಬರೋ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಜಾಗಕ್ಕೆ ಹೋಗಿ, ಆ ಗ್ಯಾಸು ಗಾಳಿಗಿಂತ ಭಾರ, ತಗ್ಗಲ್ಲಿ ನಿಲ್ಲತ್ತೆ. ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ. ಹತ್ರದ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಬಗ್ಗಿ ನೋಡೋಕೆ ಯಾರನ್ನೂ ಬಿಡಬೇಡಿ, ಯಜಮಾನ್ರನ್ನಂತೂ ಬಿಡಲೇಬೇಡಿ.